ಓವರ್‌ಸಿಯರ್ ಕಟ್ಟಿದ ಇಟ್ಟಿಗೆ ಕಮಾನು

ಮೊನ್ನೆ ಚಿನ್ನದಂಗಡಿಯವರು ರಿಪೇರಿಯಾದ ನನ್ನ ಸರವನ್ನು ಎರಡೂ ತುದಿ ಹಿಡಿದು ಎತ್ತಿ ತೋರಿಸಿದರು. ನಡುವೆ ಅದು ಮೆಲ್ಲಗೆ ಜೋತುಬಿತ್ತು. ಆ ಬಾಗು ಕಂಡದ್ದೇ ನಮ್ಮ ಓವರ್‌ಸಿಯರ್ ನೆನಪಾದರು…

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ಕಚೇರಿಯೊಂದರಲ್ಲಿ ನಾನು ಕಟ್ಟಡದ ನಕ್ಷೆಗಳನ್ನು ನಕಲು ಮಾಡುವ ಟ್ರೇಸರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಓವರ್‌ಸಿಯರ್ ಹಾಸನದ ಕಡೆಯವರು, ಐವತ್ತು ದಾಟಿದ್ದರು. ನಾಪೋಕ್ಲು ಬಳಿಯ ಶಾಲೆಯೊಂದಕ್ಕೆ ಮರದ ತೊಲೆಯಿಲ್ಲದ, ನಡುವೆ ಕಂಬವಿಲ್ಲದ, ಬರೀ ಇಟ್ಟಿಗೆಯ ಬಾಗಿದ ಚಾವಣಿ ಕಟ್ಟಬೇಕೆಂಬುದು ಅವರ ಹಟ. ಕಚೇರಿಯ ಗೋಡೆಗೆ ಎರಡು ಮೊಳೆ ಹೊಡೆದು ಸರಪಳಿಯೊಂದನ್ನು ಇಳಿಬಿಟ್ಟಿದ್ದರು.

"ನೋಡಮ್ಮ, ನಾವು ತಿಂಗಳುಗಟ್ಲೆ ಮಾಡೋ ಲೆಕ್ಕಾನ ಇದು ಒಂದು ಗಳಿಗೇಲಿ ಮಾಡ್ತದೆ. ಈ ಗೆರೆನ ತಲೆಕೆಳಗು ಮಾಡಿದ್ರೆ ಅದೇ ನಮ್ಮ ಚಾವಣಿ."

ಆ ಗೆರೆಯನ್ನು ಕಾಗದಕ್ಕೆ ಇಳಿಸಿದವಳು ನಾನೇ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮೂರು ಕೀಲುಗಳ ಮರದ ತೋಳೊಂದನ್ನು ಮಾಡಿಸಿದರು. ಹಿಡಿ ತಿರುಗಿಸಿದರೆ ತೋಳಿನ ತುದಿ ಮುಂದಿನ ಇಟ್ಟಿಗೆಯ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಮಲಯಾಳಿ ಮೇಸ್ತ್ರಿ ಮೊದಲ ದಿನ ಮುಖ ಊದಿಸಿಕೊಂಡ.

"ಜಾಗ ಇದೇ ತೋರಿಸ್ತದಾದ್ರೆ ನಾನು ಎಂತಕ್ಕೆ ಸಾರ್?"

"ಇದಕ್ಕೆ ಜಾಗ ಗೊತ್ತು, ಗಾರೆ ಗೊತ್ತಿಲ್ಲ ಕಣಯ್ಯ," ಎಂದು ಓವರ್‌ಸಿಯರ್ ನಕ್ಕರು.

ಶಾಲೆಯ ಜಾಗದಲ್ಲಿ ಪರೀಕ್ಷೆಗೆಂದು ಒಂದು ಕಮಾನು ಎದ್ದಿತು. ಗಾರೆ ಗಟ್ಟಿಯಾದ ಮೇಲೆ ಮರಳಿನ ಮೂಟೆಗಳನ್ನು ಅದರ ಮೇಲೆ ಪೇರಿಸಿದರು. ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. ನಾನು ಕಣ್ಣಾರೆ ನೋಡಿದ್ದೆ.

ಮಳೆಗಾಲಕ್ಕೆ ಮೊದಲು ಮೇಲಿನ ಎಂಜಿನಿಯರ್ ಬಂದರು. "ಈ ಲೆಕ್ಕ ಯಾವ ಪುಸ್ತಕದಲ್ಲಿದೆ ರೀ?" ಎಂದರು. ಓವರ್‌ಸಿಯರ್ ಸರಪಳಿಯ ಮಾತೆತ್ತಿದರು. ಮುಗಿಸಲು ಬಿಡದೆ ಎಂಜಿನಿಯರ್ ನನ್ನತ್ತ ತಿರುಗಿದರು. "ಭಾರ ಹಾಕಿ ನೋಡಿದ್ರಂತಲ್ಲ. ನೀವು ಇದ್ರಾ?"

ನನ್ನನ್ನು ಖಾಯಂ ಮಾಡುವ ಕಾಗದ ಅವರ ಸಹಿಗೇ ಕಾಯುತ್ತಿತ್ತು. ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ನಕ್ಷೆಯನ್ನು ಸುತ್ತತೊಡಗಿದೆ… ಕಮಾನು ಕೆಡವಿ, ಶಾಲೆಗೆ ತಗಡು ಹೊದಿಸಬೇಕೆಂದು ಆಜ್ಞೆಯಾಯಿತು.

ಕೆಡವಲು ಮೂರು ದಿನ ಹಿಡಿಯಿತು. ಸುತ್ತಿಗೆಯ ಏಟಿಗೆ ಇಟ್ಟಿಗೆಯ ಚೂರು ಸಿಡಿಯುತ್ತಿತ್ತು, ಕಮಾನು ನಿಂತೇ ಇತ್ತು. ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಾ ಬಡಿಯುತ್ತಿದ್ದ. ಓವರ್‌ಸಿಯರ್ ಕೊಡೆ ಊರಿಕೊಂಡು ಮೂರು ದಿನವೂ ಅಲ್ಲೇ ನಿಂತರು. ಮೂರನೆಯ ದಿನ ನಾನು ಹತ್ತಿರ ಹೋಗಿ, "ಅವತ್ತು ನಾನು ಹೇಳ್ಬೇಕಿತ್ತು ಸಾರ್," ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

"ನೀನೇನು ಮಾಡ್ತೀಯಮ್ಮ… ಇದಾದ್ರೂ ಬೇಗ ಬೀಳಬಾರ್ದಾ."

ಮಳೆ ಹಿಡಿಯುವ ಮೊದಲೇ ಅವರಿಗೆ ವರ್ಗವಾಯಿತು. ನನ್ನ ಕೆಲಸ ಖಾಯಂ ಆಯಿತು.

ಅವರು ತೀರಿಹೋದದ್ದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಅದೂ ಬಸ್ಸಿನಲ್ಲಿ ಯಾರೋ ಹೇಳಿ. ಆ ಕಮಾನು ಭಾರ ಹೊತ್ತಿತ್ತು, ನಾನು ನೋಡಿದ್ದೆ ಎಂದು ಅವರ ಮನೆಯವರಿಗಾದರೂ ಬರೆಯಬೇಕೆನ್ನಿಸುತ್ತದೆ. ಈಗಲೂ ಬರೆದೇನು. ಆದರೆ ಯಾರಿಗೆ? ಎರಡು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದರೂ ಅವರಿಗೆ ಮಕ್ಕಳಿದ್ದಾರೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.