ದಿಂಬಿನ ಪಕ್ಕ ಒಂದು ಕಿಟಕಿ

ಬೀಳಗಿಯಿಂದ ಬಾಡಗಂಡಿಗೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ ಹಳೆಯ ಲಾರಿಯೊಂದು ನಿಂತಿದೆ. ಬೆಳಗಿನ ಐದೂವರೆ. ಅದರ ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದುಕೊಂಡು ಅಮಸಿದ್ದಪ್ಪ ಉಳಿ ಇಟ್ಟು ಹೊಡೆಯುತ್ತಿದ್ದಾರೆ. ಬಿಸಿಲೇರಿದರೆ ತಗಡು ಮುಟ್ಟಲಾಗದು. ಹಾಗಾಗಿ ದಿನಕ್ಕೆ ಮೂರೂವರೆ ತಾಸು ಕೆಲಸ. ಹತ್ತೊಂಬತ್ತು ತಿಂಗಳಿಂದ ಹೀಗೇ ನಡೆದಿದೆ.

ಲಾರಿ ಈಗ ಮನೆಯಾಗಿದೆ. ಹದಿನಾಲ್ಕು ಅಡಿ ಉದ್ದ, ಏಳು ಅಡಿ ಅಗಲ. ಒಳಗೆ ಇಬ್ಬರು ಮಲಗುವ ಮಂಚ, ಒಲೆಗಟ್ಟೆ, ಇನ್ನೂರು ಲೀಟರಿನ ನೀರಿನ ಟಾಕಿ, ಬಾಗಿಲ ಬಳಿ ನಡೆಯಲಾರದ ಎಳೆ ಕುರಿಮರಿಗಳಿಗೊಂದು ಗೂಡು. ಎಲ್ಲವೂ ಇವರೊಬ್ಬರದೇ ಕೈಕೆಲಸ. ನೋಡಲು ಬಂದ ನಾನು ಚೆನ್ನಾಗಿದೆ ಎಂದರೆ ಮುಖ ಆಚೆ ತಿರುಗಿಸುತ್ತಾರೆ.

ಐವತ್ತೇಳರ ಅಮಸಿದ್ದಪ್ಪ ಕುರಿ ಸಾಕುವ ಮನೆತನದವರು. ಆದರೆ ಇಪ್ಪತ್ತೆಂಟು ವರ್ಷ ಓಡಿಸಿದ್ದು ಕಬ್ಬಿನ ಲಾರಿ. ನೂರಿಪ್ಪತ್ತು ಕುರಿ ಹೊಡೆದುಕೊಂಡು ಊರೂರು ತಿರುಗಿದವರು ಹೆಂಡತಿ ತಂಗೆವ್ವ ಮತ್ತು ಆಕೆಯ ತಮ್ಮ ಭೀಮಶಿ.

"ಲಗ್ನ ಆಗಿ ಮೂವತ್ತ ವರ್ಷ ಆತ್ರಿ. ಕೂಡಿ ಇದ್ದದ್ದ ಲೆಕ್ಕಾ ಹಿಡದ್ರ ನಾಕ ವರ್ಷಾನೂ ಆಗೂದಿಲ್ಲ" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಕಬ್ಬಿನ ಹೇರಿನ ಮೇಲಿಂದ ಬಿದ್ದು ಮೊಣಕಾಲು ಮುರಿಯಿತು. ಕ್ಲಚ್ ತುಳಿಯುವಷ್ಟು ಕಾಲಿದೆ, ಕುರಿಯ ಹಿಂದೆ ನಡೆಯುವಷ್ಟಿಲ್ಲ. ಮಾಲೀಕರು ಗುಜರಿಗೆ ಹಾಕಲಿದ್ದ ಲಾರಿಯನ್ನು ಕೇಳಿ ತಂದರು. ಕುರಿ ತಂಗುವ ಹೊಲಕ್ಕೆ ಮೊದಲೇ ಹೋಗಿ ನಿಲ್ಲುವುದು, ಸಂಜೆ ಹೆಂಡತಿ ಬರುವಷ್ಟರಲ್ಲಿ ಚಹಾ ಕಾಸಿಡುವುದು. ಅವರ ಲೆಕ್ಕಾಚಾರ ಇಷ್ಟೇ.

ಅದು ತಪ್ಪಿದ್ದು ಹೋದ ಯುಗಾದಿಗೆ. ಹಿಂಡು ಇದೇ ಹೊಲದಲ್ಲಿ ತಂಗಿತ್ತು. ತಂಗೆವ್ವ ಲಾರಿಯೊಳಗೆ ಮಲಗಿದ್ದು ಒಂದೇ ತಾಸು. ಆಮೇಲೆ ಕಂಬಳಿ ಎತ್ತಿಕೊಂಡು ಹೋಗಿ ಕುರಿಗಳ ಪಕ್ಕದಲ್ಲೇ ಮಲಗಿದರು.

"ಒಳಗ ಕುರಿ ಸಪ್ಪಳಾನ ಕೇಳೂದಿಲ್ಲ, ನಿದ್ದಿ ಹತ್ತವಲ್ದು ಅಂದ್ಳರಿ. ಖರೇನ ಐತಿ. ತ್ವಾಳ ಬಂದ್ರ ಗೊತ್ತಾಗಬೇಕಲ್ಲ? ನಾ ಲಾರಿಯಾಗ ಮಕ್ಕೊಂಡ ರೂಢಿ ಆದಾಂವ. ಹೊರಗಿನ ಸಪ್ಪಳ ಬರಬಾರದಂತ ಥರ್ಮಾಕೋಲ್ ತುಂಬಿ ತಗಡ ಬಡದಿದ್ದೆ. ಕುರಿಯವರ ಮನ್ಯಾಗ ಹುಟ್ಟಿ ಇದೊಂದ ಹೊಳೀಲಿಲ್ಲ ನೋಡ್ರಿ."

ಮರುದಿನ ಹಿಂಡು ಮುಂದೆ ಹೋಯಿತು. ಈಗ ಸಾವಳಗಿಯ ಕಡೆ ಇದೆ. ಅಮಸಿದ್ದಪ್ಪ ಇಂದಿಗೂ ಆ ಮಂಚದ ಒಂದೇ ಅಂಚಿನಲ್ಲಿ ಮಲಗುತ್ತಾರೆ. ಇನ್ನೊಂದು ಅಂಚಿನ ದಿಂಬಿನ ಗಲೀಫು ಆಮೇಲೆ ಒಗೆದು ಇಸ್ತ್ರಿ ಮಾಡಿದ್ದು ಹಾಗೇ ಇದೆ. 

"ದೀಪಾವಳಿಗೆ ಬರ್ತಾಳರಿ. ಆಕಿ ಒಳಗ ಮಕ್ಕೊಂಡ್ರ ಸಾಕು, ಮತ್ತೇನ ಬ್ಯಾಡ."

ಎಂಟೂವರೆಗೆ ತಗಡಿನ ಚೌಕ ಕಳಚಿ ಬೀಳುತ್ತದೆ. ಕಿಟಕಿ ಸರಿಯಾಗಿ ತಂಗೆವ್ವನ ದಿಂಬಿನ ಮಟ್ಟಕ್ಕಿದೆ. ಅಮಸಿದ್ದಪ್ಪ ಟ್ರಂಕಿನಿಂದ ಕುರಿಯ ಕೊರಳ ಗಂಟೆಯೊಂದನ್ನು ತೆಗೆದು ನನ್ನ ಕೈಗಿಡುತ್ತಾರೆ.

"ನಾನ ಬಾರಿಸಿ ನಾನ ಒಳಗ ಮಕ್ಕೊಂಡ ಕೇಳಾಕ ಬರೂದಿಲ್ರಿ. ಈ ಕಡೆ ಯಾರೂ ಹಾಯೂದಿಲ್ಲ. ಕುರಿ ನಿಲ್ಲೂದು ಆ ಜಾಲಿ ಗಿಡದ ಹಂತೇಕ. ಅಲ್ಲಿ ಹೋಗಿ ಮೆಲ್ಲಕ ಬಾರಸ್ರಿ."

ಅವರು ಒಳಗೆ ಹೋಗಿ ಮೊದಲ ಸಲ ಆ ದಿಂಬಿನ ಮೇಲೆ ತಲೆ ಇಡುತ್ತಾರೆ. ನಾನು ಅರವತ್ತು ಹೆಜ್ಜೆ ನಡೆದು, ಮಲಗಿದ ಕುರಿ ಮಗ್ಗುಲು ಬದಲಿಸಿದರೆ ಆಗುವಷ್ಟೇ ಸದ್ದು ಮಾಡುತ್ತೇನೆ. ಕಿಟಕಿಯತ್ತ ನೋಡುತ್ತೇನೆ. ಇನ್ನೊಮ್ಮೆ ಅಲುಗಾಡಿಸುತ್ತೇನೆ. ಆಗ ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತದೆ.

"ಮೊದಲನೇದೂ ಕೇಳಿಸ್ತರಿ" ಎನ್ನುತ್ತದೆ ಒಳಗಿನ ದನಿ. "ನಿಲ್ಲಸಬ್ಯಾಡ್ರಿ. ಇನ್ನೊಂಚೂರು ಬಾರಸ್ರಿ."