ರೇಣುಕಾಳ ಚಡ್ಡಿ ಮತ್ತು ಕಾಲುವೆಯ ನೀರು

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಆಗ ಮೂರನೆಯ ವರ್ಷ. ನಾನು ಶಹಾಪುರ ತಾಲೂಕಿನ ವಿಶೇಷ ಶಿಕ್ಷಕಿಯಾಗಿದ್ದೆ. ಕಣ್ಣು ಕಾಣದ, ಕಿವಿ ಕೇಳದ, ಮಾತು ಬಾರದ ಮಕ್ಕಳು ಊರಿನ ಸಾದಾ ಶಾಲೆಯಲ್ಲೇ ಕಲಿಯುವಂತೆ ನೋಡಿಕೊಳ್ಳುವುದು, ವಾರಕ್ಕೊಮ್ಮೆ ಹೋಗಿ ಅವರ ಜೊತೆ ಕೂರುವುದು ನನ್ನ ಕೆಲಸ. ಈ ನೌಕರಿಯಲ್ಲಿ ದೊಡ್ಡ ದೊಡ್ಡ ತೊಡಕುಗಳನ್ನು ಬಿಡಿಸಿದ್ದೇನೆಂದು ಬೀಗುತ್ತಿದ್ದವಳು ನಾನು. ಅಂಥವಳು ಆ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಒಂದು ಚಡ್ಡಿಗಾಗಿ ತಲೆಕೆಡಿಸಿಕೊಂಡೆ. ನಗುವವರು ನಗಲಿ, ನನಗೆ ಆಗ ನಗು ಬಂದಿರಲಿಲ್ಲ.

ಹುಡುಗಿಯ ಹೆಸರು ರೇಣುಕಾ. ಎಂಟು ವರ್ಷ, ಎರಡನೆಯ ತರಗತಿ. ಗೋಗಿಯಿಂದಾಚೆ, ಕಾಲುವೆಯ ದಂಡೆಗೆ ಇರುವ ಒಂದು ಸಣ್ಣ ಊರು ಅವಳದು. ಆಟಿಸಂ ಎಂದು ವೈದ್ಯರು ಬರೆದುಕೊಟ್ಟಿದ್ದರು. ಮಾತು ಹತ್ತಿಪ್ಪತ್ತು ಪದ ಅಷ್ಟೆ. ಆದರೆ ಪಾಟಿ ಕೊಟ್ಟರೆ ಅಕ್ಷರಗಳನ್ನು ಅಚ್ಚು ಹಾಕಿದಂತೆ ಬರೆಯುತ್ತಿದ್ದಳು. ತೊಂದರೆ ಒಂದೇ. ಶಾಲೆಗೆ ಬಂದು ಅರ್ಧ ತಾಸು ಆಗುವುದರೊಳಗೆ ಅಳು ಶುರು. ಆಮೇಲೆ ಒಳಬಟ್ಟೆ ಕಿತ್ತೆಸೆದು ಮನೆಯ ಕಡೆ ಓಟ. ಉಳಿದ ಮಕ್ಕಳು ನಗುತ್ತಿದ್ದರು. ಹೆಡ್‌ಮಾಸ್ತರರು ಕೆಟ್ಟವರಲ್ಲ, ಸಾಕಾಗಿಹೋಗಿದ್ದವರು.

"ಮೇಡಂ, ಹೆಣ್ಣುಡುಗಿ ಅದಾಳ. ನಾಳೆ ಏನರೆ ಆದ್ರ ಯಾರಿಗೆ ಜವಾಬು ಹೇಳೋದ್ರಿ? ಮಾರ್ಚ್ ಮುಗಿಯೋದ್ರಾಗ ನೀವು ವರದಿ ಬರದು ಕೊಡ್ರಿ" ಎಂದರು.

ಆ ವರದಿಯಲ್ಲಿ ನಾನು 'ಗೃಹಾಧಾರಿತ ಶಿಕ್ಷಣ' ಎಂದು ಬರೆದರೆ ಹುಡುಗಿಯ ಹೆಸರು ಶಾಲೆಯಲ್ಲಿ, ಹುಡುಗಿ ಮನೆಯಲ್ಲಿ. ವಾರಕ್ಕೊಮ್ಮೆ ನಾನು ಹೋಗಿ ಪಾಠ ಹೇಳಿ ಬರಬೇಕು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅವಳ ತಾಯಿ ನಿಂಗಮ್ಮ ಕೂಲಿಯವಳು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಬೆಳಗ್ಗೆ ಹೋದರೆ ಸಂಜೆಗೆ ಬರುವವಳು. ಮನೆಯಲ್ಲಿ ಮೂರನೆಯವರಿಲ್ಲ. ವಿಷಯ ತಿಳಿಸಿದಾಗ ಅವಳು ಒಂದೇ ಮಾತು ಹೇಳಿದಳು: "ಮನ್ಯಾಗ ಕಲಿಸೋದಂದ್ರ ಅಕಿನ್ನ ಒಳಗ ಹಾಕಿ ಕೀಲಿ ಜಡದು ಹೋಗೋದೇ ಆತಲ್ರಿ ಮೇಡಂ."



ಕೆಲವು ಮಕ್ಕಳ ಚರ್ಮಕ್ಕೆ ಸ್ಪರ್ಶ ನಮಗಿಂತ ಹತ್ತು ಪಟ್ಟು ಜೋರಾಗಿ ತಟ್ಟುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಸೆನ್ಸರಿ ಸೆನ್ಸಿಟಿವಿಟಿ ಎನ್ನುತ್ತಾರೆ. ಕೇಳಿದ್ದೆ, ಟಿಪ್ಪಣಿ ಬರೆದುಕೊಂಡಿದ್ದೆ, ಮರೆತಿದ್ದೆ. ಈಗ ನೆನಪಾಗಿ, ಯಾದಗಿರಿಯ ಅಂಗಡಿಗಳನ್ನೆಲ್ಲ ಸುತ್ತಿ ಮೂರು ತರದ ಚಡ್ಡಿ ತಂದೆ. ಮೂರೂ ಹೊಸವು, ಮೆತ್ತನೆಯವು. ಮೂರನ್ನೂ ರೇಣುಕಾ ಒಂದೇ ದಿನ ತಿರಸ್ಕರಿಸಿದಳು. ಅದುವರೆಗೆ ಎಲ್ಲರೂ ಅವಳನ್ನು ಕೇಳುತ್ತಿದ್ದದ್ದು "ಯಾಕ ಕಿತ್ತಿ?" ಎಂದು. ಹತ್ತಿಪ್ಪತ್ತು ಪದದ ಹುಡುಗಿ ಯಾಕೆ ಎಂಬುದಕ್ಕೆ ಏನು ಹೇಳಿಯಾಳು? ಆ ದಿನ ಬೇಸತ್ತು ನನ್ನ ಬಾಯಿಂದ ಬೇರೆ ಮಾತು ಬಂತು. ಕಿತ್ತೆಸೆದ ಚಡ್ಡಿಯನ್ನು ಚಾಪೆಯ ಮೇಲೆ ಹರವಿ, "ಎಲ್ಲಿ, ರೇಣುಕಾ? ಎಲ್ಲಿ?" ಎಂದೆ.

ಅವಳು ಬೆರಳಿಟ್ಟು ತೋರಿಸಿದಳು. ಸೊಂಟದ ಎಲಾಸ್ಟಿಕ್, ಪಕ್ಕದ ಹೊಲಿಗೆ, ಹಿಂಬದಿಯ ಕಂಪನಿ ಚೀಟಿ. ಆ ಚೀಟಿಯನ್ನು ನಾನು ಆಗಲೇ ಕತ್ತರಿಸಿದ್ದೆ. ಕತ್ತರಿಸಿದ ಜಾಗದಲ್ಲಿ ಉಳಿದ ಎರಡೆಳೆ ನೂಲಿನ ಮೇಲೆ ಅವಳ ಬೆರಳಿತ್ತು.

ನಾನು ಸುರಪುರದವಳು. ನಮ್ಮ ಓಣಿಯ ಖಾಜಾ ಮಾಸ್ಟರ್ ಹಳೆಯ ದರ್ಜಿ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಎಲ್ಲವನ್ನೂ ಅವರ ಮುಂದಿಟ್ಟು ಕತೆ ಹೇಳಿದೆ. ಚಡ್ಡಿಯನ್ನು ಒಳಗು ಹೊರಗು ಮಾಡಿ ನೋಡಿದ ಮಾಸ್ಟರ್, "ಹೊಲಗಿ ಒಳಗ ಯಾಕ ಹಾಕ್ತೀವಿ ಗೊತ್ತದ ಏನ್ರಿ? ನೋಡೋರ ಕಣ್ಣಿಗೆ ಚಂದ ಕಾಣ್ಲಿ ಅಂತ. ಒಳಗಿನ ಬಟ್ಟಿ ಯಾವನ್ ನೋಡ್ತಾನ್ರಿ? ನಾ ಹೊಲಗಿ ಹೊರಗ ಹಾಕ್ತೀನಿ, ಬಿಡ್ರಿ" ಎಂದರು. ಮಲ್‌ಮಲ್ ಬಟ್ಟೆಯಲ್ಲಿ ನಾಲ್ಕು ಚಡ್ಡಿ ಹೊಲಿದರು. ಎಲಾಸ್ಟಿಕ್ ಬದಲು ಅದೇ ಬಟ್ಟೆಯ ಎರಡು ಬೆರಳಗಲದ ಲಾಡಿ, ಗಂಟೂ ಹೊರಗೆ. ನೋಡಲು ಉಲ್ಟಾ ಹಾಕಿಕೊಂಡಂತೆ ಕಾಣುತ್ತಿತ್ತು.

ರೇಣುಕಾ ಹಾಕಿಕೊಂಡಳು. ಒಂದು ದಿನ ಕೂತಳು, ಎರಡು ದಿನ ಕೂತಳು, ವಾರ ದಾಟಿತು. ಹೆಡ್‌ಮಾಸ್ತರರು ನನಗೆ ಚಹಾ ತರಿಸಿದರು. ನಾನಂತೂ ನೆಲದ ಮೇಲಿರಲಿಲ್ಲ.

ಹನ್ನೆರಡನೆಯ ದಿನ ಅವಳು ಅದನ್ನೂ ಕಿತ್ತೆಸೆದು ಓಡಿದಳು.

ಅದೇ ಬಟ್ಟೆ, ಅದೇ ಹೊಲಿಗೆ. ಚಾಪೆಯ ಮೇಲೆ ಹರವಿ "ಎಲ್ಲಿ?" ಎಂದು ಕೇಳಿದೆ. ರೇಣುಕಾ ಅಂಗೈ ಬಿಚ್ಚಿ ಇಡೀ ಚಡ್ಡಿಯ ಮೇಲೆ ಒರೆಸಿದಳು. ಎಲ್ಲ ಕಡೆಯೂ ಎಂದರ್ಥ. ನಾನು ಮುಟ್ಟಿ ನೋಡಿದೆ, ಕೆನ್ನೆಗೆ ಒತ್ತಿ ನೋಡಿದೆ, ನನಗೇನೂ ತಿಳಿಯಲಿಲ್ಲ. ಎಂಟು ದಿನ ಬಿಟ್ಟು ತಾನಾಗಿಯೇ ಸರಿಹೋದಳು. ಮತ್ತೆ ಕೆಲವು ದಿನಕ್ಕೆ ಅದೇ ಪಾಡು. "ಹಠ ಅದ್ರಿ ಮೇಡಂ, ಬ್ಯಾರೆ ಏನಿಲ್ಲ" ಎಂದರು ಹೆಡ್‌ಮಾಸ್ತರರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸತೊಡಗಿತ್ತು.

ಮಾರ್ಚ್ ಮೂರನೆಯ ವಾರ, ವರದಿ ಬರೆಯಲೆಂದು ಹಾಜರಿ ಪುಸ್ತಕ ತರಿಸಿಕೊಂಡೆ. ಓಡಿಹೋದ ದಿನಕ್ಕೂ ಗೈರೆಂದೇ ಹಾಕಿದ್ದರು. ರೇಣುಕಾಳ ಹೆಸರಿನ ಮುಂದೆ ಹನ್ನೊಂದು ದಿನ ಹಾಜರು, ಎಂಟು ದಿನ ಗೈರು. ಮತ್ತೆ ಹನ್ನೊಂದು, ಮತ್ತೆ ಎಂಟು. ನಡುವಿನ ರವಿವಾರಗಳನ್ನೂ ಸೇರಿಸಿದ ಲೆಕ್ಕವದು. ಹಠ ಮಾಡುವ ಮಗು ಲೆಕ್ಕವಿಟ್ಟು ಹಠ ಮಾಡುವುದಿಲ್ಲ. ಪುಸ್ತಕವನ್ನು ಹೆಡ್‌ಮಾಸ್ತರರ ಮುಂದೆ ಹಿಡಿದೆ. ಅವರಿಗೆ ಕಾಲುವೆಯ ನೀರಿಗೆ ಬರುವ ನಾಲ್ಕು ಎಕರೆ ಹೊಲವಿತ್ತು. ಎರಡು ನಿಮಿಷ ನೋಡಿ, ಕನ್ನಡಕ ತೆಗೆದರು.

"ಮೇಡಂ, ಇದು ವಾರಾಬಂದಿ ಅಲ್ಲೇನ್ರಿ?"

ವಾರಾಬಂದಿ ಎಂದರೆ ನೀರಿನ ಸರತಿ. ಹಿಂಗಾರು ಬೆಳೆಗೆ ಕಾಲುವೆಯಲ್ಲಿ ಇಷ್ಟು ದಿನ ನೀರು ಬಿಡುತ್ತಾರೆ, ಇಷ್ಟು ದಿನ ಬಂದ್ ಮಾಡುತ್ತಾರೆ. ಆ ವರ್ಷ ಆ ಊರಿಗೆ ಹನ್ನೊಂದು ದಿನ ನೀರು, ಎಂಟು ದಿನ ಬಂದ್. ಕಾಲುವೆ ಬಂದಾದ ಮರುದಿನವೇ ರೇಣುಕಾ ಗೈರು.

ಅಲ್ಲಿಂದ ಓಡಿದವಳಂತೆ ನಿಂಗಮ್ಮನ ಮನೆಗೆ ಹೋದೆ. ಅಂದು ಅವಳಿಗೆ ಕೂಲಿ ಇರಲಿಲ್ಲ. "ಕಾಲುವಿ ಬಂದಾದಾಗ ಬಟ್ಟಿ ಎಲ್ಲಿ ಒಗೀತೀಯವ್ವಾ?" ಎಂದು ಕೇಳಿದೆ.

"ಬೋರಿನ ನೀರಾಗ್ರಿ. ಸವಳ ನೀರು, ಸಾಬೂನು ನೊರೀನೇ ಬರಂಗಿಲ್ಲ. ನೀವು ಕೊಟ್ಟ ಬಟ್ಟಿ ಅಂತ ಎರಡೆರಡು ಸರ್ತಿ ಸಾಬೂನು ತಿಕ್ಕಿ ಒಗೀತೀನ್ರಿ."

ಗಡಸು ನೀರಿನಲ್ಲಿ ಸಾಬೂನು ಪೂರ್ತಿ ಕರಗದೆ ಬಟ್ಟೆಯ ಎಳೆಗಳಲ್ಲಿ ಉಳಿದುಬಿಡುತ್ತದೆ. ಬಟ್ಟೆ ಒಣಗಿದಾಗ ಅದು ಸಣ್ಣ ಹುಡಿಯಂತೆ ಕೂರುತ್ತದೆ. ಅಷ್ಟು ಸಣ್ಣದನ್ನು ಮನುಷ್ಯರ ಮೈ ಗುರುತಿಸೀತೇ? ನನಗೆ ನಂಬಿಕೆ ಬರಲಿಲ್ಲ. ಕಾಲುವೆ ಹರಿಯುತ್ತಿದ್ದ ದಿನ ಅದು. ಎರಡು ಚಡ್ಡಿ ತೆಗೆದುಕೊಂಡು ಒಂದನ್ನು ಬೋರಿನ ನೀರಿನಲ್ಲಿ, ಒಂದನ್ನು ಕಾಲುವೆ ನೀರಿನಲ್ಲಿ, ಒಂದೇ ಸಾಬೂನು ತಿಕ್ಕಿ ನಾನೇ ಒಗೆದೆ. ಒಣಗಿದ ಮೇಲೆ ಬೋರಿನದರ ಒಳಮೈಗೆ ಮಸಿಯ ಸಣ್ಣ ಚುಕ್ಕೆ ಇಟ್ಟು, ಎರಡನ್ನೂ ಮಡಿಸಿ, ಶಾಲೆಯಿಂದ ಬಂದ ರೇಣುಕಾಳ ಮುಂದೆ ಹಿಡಿದೆ.

ಅವಳು ಅಂಗೈಯಿಂದ ಮುಟ್ಟಲಿಲ್ಲ. ಮುಂಗೈಯನ್ನು ಒಂದರ ಮೇಲೆ ಹಗುರವಾಗಿ ಇಟ್ಟಳು, ಇನ್ನೊಂದರ ಮೇಲೆ ಇಟ್ಟಳು. ಒಂದನ್ನು ದೂರ ತಳ್ಳಿದಳು. ಬಿಚ್ಚಿ ನೋಡಿದರೆ ಚುಕ್ಕೆ ಇತ್ತು. ಬೆನ್ನ ಹಿಂದೆ ಅದಲು ಬದಲು ಮಾಡಿ ಮತ್ತೆ ಹಿಡಿದೆ. ಐದು ಸಲ. ಐದೂ ಸಲ ಅವಳು ತಳ್ಳಿದ್ದು ಬೋರಿನ ನೀರಿನದನ್ನೇ. ಕಣ್ಣು ಮುಚ್ಚಿ ನಾನೂ ಪರೀಕ್ಷೆ ಮಾಡಿಕೊಂಡೆ, ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ನನಗೆ ಸಿಗಲಿಲ್ಲ. ಎಂಜಿನಿಯರುಗಳು ಗೇಟು ಇಳಿಸಿದ್ದನ್ನು ತನ್ನ ಚರ್ಮದಿಂದ ತಿಳಿದುಕೊಳ್ಳುವ ಹುಡುಗಿ ನನ್ನೆದುರು ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ದೇವರಾಣೆ, ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು.

ಪರಿಹಾರ ಇಷ್ಟೇ ಆಯಿತು: ಕಾಲುವೆ ಹರಿಯುವಾಗ ನಾಲ್ಕು ಕೊಡ ನೀರು ತುಂಬಿ ಮುಚ್ಚಿಡುವುದು, ಬಂದಾದ ದಿನಗಳಲ್ಲಿ ಆ ಚಡ್ಡಿಗಳಿಗೆ ಅದೇ ನೀರು. ಮುಂದಿನ ಬಂದ್‌ನ ಎಂಟು ದಿನವೂ ರೇಣುಕಾ ಶಾಲೆಯಲ್ಲಿ ಕೂತಳು. ವರದಿಯಲ್ಲಿ 'ಶಾಲೆಯಲ್ಲೇ ಮುಂದುವರಿಸುವುದು' ಎಂದು ಬರೆದು ಸಹಿ ಹಾಕಿದೆ. ಹೆಡ್‌ಮಾಸ್ತರರು ಓದದೆಯೇ ಮೊಹರು ಒತ್ತಿದರು.

ನನ್ನ ಕೈಗೆ ತಿಳಿಯದ್ದು ಇಲ್ಲವೇ ಇಲ್ಲ ಎಂದು ಎಷ್ಟೋ ವರ್ಷ ನಂಬಿ ಕೆಲಸ ಮಾಡಿದ್ದೆ. ಆ ಸೊಕ್ಕು ಅಂದು ಇಳಿಯಿತು. ಆಮೇಲೆ ಯಾವ ಮಗು ಏನನ್ನೇ ಒಲ್ಲೆ ಎಂದರೂ, ಅದು ಸುಳ್ಳಲ್ಲ ಎಂದು ಹಿಡಿದುಕೊಂಡೇ ಹುಡುಕತೊಡಗಿದೆ. ಆದರೆ ಈ ಪಾಠವನ್ನು ನನಗಿಂತ ಮೊದಲು ಕಲಿತವಳು ನಿಂಗಮ್ಮ. ಐದನೆಯ ಸಲ ರೇಣುಕಾ ಚಡ್ಡಿಯನ್ನು ತಳ್ಳಿದಾಗ ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು: "ಹಂಗಾದ್ರ ಅಕಿ ಒಮ್ಮಿನೂ ಸುಳ್ಳ ಅತ್ತಿಲ್ಲೇನ್ರಿ ಮೇಡಂ?"

"ಒಮ್ಮೆಯೂ ಇಲ್ಲವ್ವಾ" ಎಂದೆ.

"ಸುಳ್ಳ ಅಳ್ತಾಳಂತ ನಾ ಅಕಿನ್ನ ದಿನಾ ಬಡದೇನ್ರಿ" ಎಂದು ನೆಲಕ್ಕೆ ಕೂತವಳು, ಮಗಳನ್ನು ಮುಟ್ಟಲು ಕೈ ಚಾಚಿ, ಹತ್ತಿ ಬಿಡಿಸಿ ಒರಟಾದ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, ಹಿಂದಕ್ಕೆ ತೆಗೆದುಕೊಂಡಳು.