ಮಡಿಕೋಲಿನ ತುದಿ

ಮೊನ್ನೆ ಮಾವನವರ ಶ್ರಾದ್ಧಕ್ಕೆಂದು ಪೇಟೆಯಿಂದ ತರಿಸಿದ ವೀಳ್ಯದೆಲೆಯ ಕಟ್ಟು ಬಿಚ್ಚಿದೆ. ಒದ್ದೆ ಬಟ್ಟೆಯೊಳಗಿಂದ ಹಸಿ ಎಲೆಯ ಖಾರದ ವಾಸನೆ ಬಂತು. ಎಲೆಗಳು ಒಂದೂ ನೆಟ್ಟಗಿರಲಿಲ್ಲ, ತೊಟ್ಟು ಅತ್ತ, ತುದಿ ಇತ್ತ. ಜೋಡಿಸಲು ಕೂತವಳ ಕೈ ಅಲ್ಲೇ ನಿಂತಿತು... ನಮ್ಮ ಮನೆಗೆ ಎಲೆ ತರುತ್ತಿದ್ದವಳು ನೆನಪಾದಳು.

ಅವಳು ಹತ್ತಿಮತ್ತೂರಿನವಳು. ಸವಣೂರಿನ ಎಲೆತೋಟಗಳಲ್ಲಿ ಕೊಯ್ಯುವ ಕೆಲಸ, ವಾರಕ್ಕೊಮ್ಮೆ ನಮ್ಮ ಬಾಗಿಲಿಗೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು, ಹಾಗಾಗಿ ಊರಿಗೆಲ್ಲ ಅಕ್ಕಾರು, ಅವಳಿಗೂ ಅಕ್ಕಾರು. ಅವಳ ಜೊತೆ ಯಾವಾಗಲೂ ನಾಲ್ಕು ವರ್ಷದ ಮೊಮ್ಮಗಳಿರುತ್ತಿದ್ದಳು. ಅಜ್ಜಿ ನನ್ನೊಡನೆ ಮಾತಾಡುವಷ್ಟರಲ್ಲಿ ಆ ಮಗು ಕಟ್ಟೆಯ ಮೇಲೆ ಕೂತು ಎಲೆ ಜೋಡಿಸಿಬಿಡುತ್ತಿತ್ತು, ತೊಟ್ಟೆಲ್ಲ ಒಂದೇ ಕಡೆ. ಯಾವುದಾದರೂ ಎಲೆ ತಿರುಗಿದ್ದರೆ "ಇದು ಉಲ್ಟಾ ಮಕ್ಕೊಂಡೈತಿ" ಎಂದು ಅದಕ್ಕೊಂದು ಏಟು ಕೊಟ್ಟು ಸರಿಮಾಡುತ್ತಿತ್ತು.

ಒಂದು ವರ್ಷ ಮಾವನವರ ಶ್ರಾದ್ಧದ ದಿನ ಅವಳು ಬೆಳಿಗ್ಗೆ ಏಳಕ್ಕೇ ಬಂದಳು. ನಾನು ಮಡಿಯುಟ್ಟು ಅಡುಗೆಗೆ ನಿಂತಿದ್ದೆ. ಬ್ರಾಹ್ಮಣರ ಊಟ ಮುಗಿಯುವವರೆಗೆ ಹೊರಗಿನ ಯಾವುದನ್ನೂ, ಯಾರನ್ನೂ ಮುಟ್ಟುವಂತಿಲ್ಲ. ಎಲೆಗೆ ನೀರು ಚಿಮುಕಿಸಿ ಒಳಗಿಟ್ಟುಕೊಂಡೆ. ಅವಳು ಹೋಗಲಿಲ್ಲ. ಮಗು ಅವಳ ಹೆಗಲ ಮೇಲೆ ಕುತ್ತಿಗೆ ಚೆಲ್ಲಿ ಮಲಗಿತ್ತು.

"ಅಕ್ಕಾರ, ಹತ್ತ ದಿನದ ಹಿಂದ ಜ್ವರ ಬಂದು ಹೋಗಿತ್ರಿ. ನಿನ್ನಿಯಿಂದ ನಡದ್ರ ಜೋಲಿ ಹೊಡಿಯಾಕತ್ತೈತ್ರಿ. ಬಲಗೈಯಾಗ ಎಲಿ ನಿಲ್ಲವಲ್ದು. ಊರಾಗ ತೋರಿಸಿದ್ರ ಟಾನಿಕ್ ಕೊಟ್ರು. ದೃಷ್ಟೀನೂ ತಗದೇನ್ರಿ, ಆದ್ರ ಇದು ದೃಷ್ಟಿ ಅಲ್ರಿ. ನಿಮ್ಮ ತಮ್ಮಗ ಒಂದ ಫೋನ್ ಮಾಡ್ರಿ."

ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಮಕ್ಕಳ ವೈದ್ಯ. ಅವಳಿಗೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡವಳೂ ನಾನೇ.

"ಮಡಿಯೊಳಗಿದ್ದೀನಿ ನೋಡು, ಫೋನ್ ಮುಟ್ಟೋ ಹಂಗಿಲ್ಲ. ಜ್ವರದ ಅಶಕ್ತಿ ಇದ್ದೀತು. ಮಧ್ಯಾಹ್ನದ ಮ್ಯಾಲೆ ಬಾ," ಎಂದೆ.

"ಇಲ್ಲೇ ಕುಂತಿರ್ತೇನ್ರಿ," ಎಂದಳು. ಅಡುಗೆಮನೆಯ ಕಿಟಕಿಯ ಕೆಳಗೆ, ಕಟ್ಟೆಯ ಮೇಲೆ ಕೂತಳು.

ಹನ್ನೆರಡರ ಹೊತ್ತಿಗೆ "ಅಕ್ಕಾರ..." ಎಂದು ಕೂಗಿದ್ದು ಕೇಳಿಸಿತು. ಬ್ರಾಹ್ಮಣರು ಊಟದೆಲೆಯ ಮುಂದೆ ಕೂತಿದ್ದರು. ಬಾಗಿಲು ಮುಂದೆ ಮಾಡಿರೆಂದು ಮನೆಯವರಿಗೆ ಸನ್ನೆ ಮಾಡಿದೆ. ಎಲ್ಲ ಮುಗಿಸಿ ಎರಡೂವರೆಗೆ ಹೊರಗೆ ಬಂದರೆ ಕಟ್ಟೆ ಖಾಲಿ. ಮಗುವಿಗೆ ಫಿಟ್ಸ್ ಬಂದಿತ್ತು, ಅವಳು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು ಎಂದು ಎದುರು ಮನೆಯವರು ಹೇಳಿದರು. ಆಗ ತಮ್ಮನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಇಲ್ಲಿಯ ಆಸ್ಪತ್ರೆಯವರು ಮಗುವನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿಬಿಟ್ಟಿದ್ದರು. ಸಂಜೆ ತಮ್ಮನೇ ಹೋಗಿ ನೋಡಿಬಂದ.

ಮಿದುಳಿನ ಬಿಳಿಭಾಗಕ್ಕೆ ಬಾವು ಬಂದಿದೆ ಎಂದ. ಜ್ವರದೊಡನೆ ಹೋರಾಡಲು ಎದ್ದ ಮೈಯ ಶಕ್ತಿ, ಜ್ವರ ಹೋದ ಮೇಲೆ ದಿಕ್ಕುತಪ್ಪಿ ನರಗಳ ಹೊದಿಕೆಯನ್ನೇ ತಿನ್ನತೊಡಗುತ್ತದಂತೆ. ಸಣ್ಣ ಮಕ್ಕಳಲ್ಲಿ ಅಪರೂಪಕ್ಕೆ ಹೀಗಾಗುತ್ತದೆ, ಬೇಗ ಗುರುತಿಸಿ ಸ್ಟೀರಾಯ್ಡ್ ಕೊಟ್ಟರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎಂದ. ಆಮೇಲೆ ಕೇಳಿದ, "ಅಕ್ಕಾ, ಮುಂಜಾನಿನ ಯಾಕ ಫೋನ್ ಮಾಡ್ಲಿಲ್ಲ?"

"ಮಡಿಯೊಳಗಿದ್ನೋ," ಎಂದೆ.

"ಆ ನಾಲ್ಕೈದು ತಾಸಿನಾಗ ಏನ್ ಫರಕ್ ಆಗ್ತಿತ್ತು, ಹೇಳ್ಲಿಕ್ಕೆ ಬರೂದಿಲ್ಲ ಬಿಡು," ಎಂದ. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು, ಅಷ್ಟೂ ತಿಳಿಯದವಳೇನಲ್ಲ ನಾನು. ಎಲೆ ಜೋಡಿಸುವುದು ತಪ್ಪಿದ್ದನ್ನು ನೋಡಿಯೇ ಓದುಬರಹ ಬಾರದ ಅಜ್ಜಿಗೆ ಗೊತ್ತಾಗಿತ್ತು. ಮೂವತ್ತು ವರ್ಷ ಹಲಗೆಯ ಮೇಲೆ ಮಿದುಳಿನ ಚಿತ್ರ ಬರೆದವಳಿಗೆ ಅದು ಅಶಕ್ತಿಯಾಗಿ ಕಂಡಿತು. ನನ್ನ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಮಗು ಉಳಿಯಿತು. ಮಾತು ಬಂತು, ನಡಿಗೆ ಬಂತು. ಬಲಗೈ ಬೆರಳುಗಳು ಮಾತ್ರ ಮೊದಲಿನಂತಾಗಲಿಲ್ಲ. ಎರಡು ತಿಂಗಳ ಮೇಲೆ ಅಜ್ಜಿ ಮತ್ತೆ ಎಲೆ ತಂದಳು. ಮೆಟ್ಟಿಲ ಕೆಳಗೇ ನಿಂತು "ಮಡಿಯಾಗ ಅದೀರೇನ್ರಿ ಅಕ್ಕಾರ?" ಎಂದು ಕೇಳಿದಳು. ಅಂದಿನಿಂದ ಪ್ರತಿ ವಾರವೂ ಅದೇ ಪ್ರಶ್ನೆ. ನಾನು ಹಳೇ ಸೀರೆಯುಟ್ಟು ಪೇಪರ್ ಓದುತ್ತ ಕೂತಿದ್ದರೂ ಕೇಳುತ್ತಿದ್ದಳು. ಇಲ್ಲ ಬಾ ಎಂದರೂ ಎಲೆಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳು. ಮಗು ಎಡಗೈಯಿಂದ ಜೋಡಿಸುತ್ತಿತ್ತು... ನಾನು ಫ್ರಾಕ್ ಕೊಡಿಸಿದೆ, ಉಂಡಿ ಕಟ್ಟಿಕೊಟ್ಟೆ. 'ತಪ್ಪಾತು' ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ನನಗೆ ತಿಳಿದದ್ದು ತಿಂಗಳ ಮೇಲೆ, ಎಲೆ ಅಂಗಡಿಯವನಿಂದ.

ತಮ್ಮನಿಗೂ ಹೇಳದ ಒಂದು ಸಂಗತಿ ಉಳಿದಿದೆ. ಆ ದಿನ ಹತ್ತು ಗಂಟೆಗೆ ಫೋನ್ ಬಂದಿತ್ತು. ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿಯಲ್ಲಷ್ಟೇ ನೆಟ್‌ವರ್ಕ್ ಸಿಗುತ್ತಿತ್ತು, ಫೋನು ಅಲ್ಲೇ ಇರುತ್ತಿತ್ತು. ಹಾನಗಲ್ಲಿನಿಂದ ಮಗಳು ಮಾಡಿದ್ದಳು. ಮಡಿಬಟ್ಟೆ ತೆಗೆಯುವ ಕೋಲು ಮೂಲೆಯಲ್ಲಿತ್ತು. ಅದರ ತುದಿಯಿಂದ ಬಟನ್ ಒತ್ತಿದೆ, ಸ್ಪೀಕರ್ ಹಾಕಿದೆ, ಫೋನ್ ಮುಟ್ಟದೆಯೇ ಮಾತಾಡಿದೆ. ಕಾಲು ತಾಸು. ಗೋಧಿ ಹುಗ್ಗಿಯ ಹದ ಹೇಳಿಕೊಟ್ಟೆ, ಏನಕ್ಕೋ ನಕ್ಕೆ ಕೂಡ.

ತಮ್ಮನ ನಂಬರನ್ನೂ ಆ ಕೋಲಿನಿಂದಲೇ ಒತ್ತಬಹುದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಊಟವಾಗಲಿ, ಆಮೇಲೆ ನೋಡೋಣ ಎಂದುಕೊಂಡೆ. ಕಿಟಕಿ ತೆರೆದೇ ಇತ್ತು. ಕೆಳಗೆ ಅವಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು.

ಮೊನ್ನೆ ಎಲೆಗಳನ್ನೆಲ್ಲ ತೊಟ್ಟು ಒಂದೇ ಕಡೆ ಮಾಡಿ ಜೋಡಿಸಿದೆ. ಆಮೇಲೆ ಆ ಕಿಟಕಿಯ ಹತ್ತಿರ ಹೋಗಿ, ಖಾಲಿ ಕಟ್ಟೆಯನ್ನು ನೋಡುತ್ತ, "ತಪ್ಪಾತವಾ," ಎಂದೆ.

"ಯಾರ ಜೋಡಿ ಮಾತಾಡ್ಲಿಕ್ಹತ್ತೀ?" ಒಳಗಿನಿಂದ ಮನೆಯವರು ಕೇಳಿದರು.

"ಯಾರಿಲ್ಲ," ಎಂದೆ.